ಮಗುವಿನ ನಂಬಿಕೆ, ದೊಡ್ಡವರ ಬುದ್ಧಿ

ಓದುಗರ ಪ್ರಶ್ನೆ – ನಮ್ಮ ಉತ್ತರ

ಮುಂಬೈ, ಪುಣೆ, ಗೋವಾದ ಕನ್ನಡ ಸಭೆಗಳಿಂದ ಈ ಸಲ ಬಂದ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ದೀನರಾಗಿರಿ, ಮಗುವಿನಂತೆ ನಂಬಿರಿ ಎಂಬ ಮಾತನ್ನು ಸೋಮವಾರದಿಂದ ಶನಿವಾರದವರೆಗೆ ಬಾಳುವುದು ಹೇಗೆ? ಬರೆದವರಲ್ಲಿ ಕಥೋಲಿಕರೂ ಇದ್ದಾರೆ, ಪ್ರೊಟೆಸ್ಟೆಂಟರೂ ಇದ್ದಾರೆ. ಹೆಸರುಗಳನ್ನು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಯೇಸು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿದ್ದು ಮಕ್ಕಳು ಮುಗ್ಧರು ಎಂಬ ಕಾರಣಕ್ಕೆ ಅಂತ ಸಂಡೇ ಸ್ಕೂಲಿನಲ್ಲಿ ಕಲಿಸುತ್ತಾ ಬಂದಿದ್ದೇನೆ. ಆದರೆ ನನ್ನ ಕ್ಲಾಸಿನ ಮಕ್ಕಳನ್ನು ನೋಡಿದರೆ ಆ ಮುಗ್ಧತೆ ಎಲ್ಲೂ ಕಾಣುವುದಿಲ್ಲ! — ಖಡಕಿ, ಪುಣೆ

ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಮಕ್ಕಳು ಹಟ ಮಾಡುತ್ತಾರೆ, ಸಿಕ್ಕಿಬಿದ್ದರೆ ಸುಳ್ಳು ಹೇಳುತ್ತಾರೆ, ಪಕ್ಕದವನ ಪೆನ್ಸಿಲ್ ಎಗರಿಸುತ್ತಾರೆ. ಇದು ಯೇಸುವಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕೊಳಲೂದಿದರೂ ಕುಣಿಯದ, ಗೋಳಾಡಿದರೂ ಅಳದ ಸಂತೆಯ ಮಕ್ಕಳ ಮೊಂಡುತನವನ್ನು ಮತ್ತಾಯ 11:16-17ರಲ್ಲಿ ಅವನೇ ಹೇಳುತ್ತಾನೆ.

ಮತ್ತಾಯ 18 ಶುರುವಾಗುವುದು ಶಿಷ್ಯರ ಪ್ರಶ್ನೆಯಿಂದ: ಪರಲೋಕ ರಾಜ್ಯದಲ್ಲಿ ದೊಡ್ಡವನು ಯಾರು? ಮಾರ್ಕ 9ರ ಪ್ರಕಾರ ಕಪೆರ್ನೌಮಿಗೆ ಬರುವ ದಾರಿಯುದ್ದಕ್ಕೂ ಅವರದು ಇದೇ ವಾದ. ಏನು ಮಾತಾಡುತ್ತಿದ್ದಿರಿ ಎಂದು ಕೇಳಿದರೆ ಎಲ್ಲರೂ ಗಪ್‌ಚಿಪ್. ಆಗ ಯೇಸು ಒಂದು ಮಗುವನ್ನು ಕರೆಯುತ್ತಾನೆ. ಆ ಇಡೀ ಪ್ರಸಂಗದಲ್ಲಿ ಮಗು ಏನು ಮಾಡಿತು? ಏನೂ ಇಲ್ಲ. ಒಂದು ಮಾತೂ ಆಡಲಿಲ್ಲ. ಕರೆದಾಗ ಬಂತು, ಎತ್ತಿಕೊಂಡಾಗ ತೋಳಿನಲ್ಲಿತ್ತು, ಅಷ್ಟೇ. ಆ ಕಾಲದಲ್ಲಿ ಮಗುವಿಗೆ ಸ್ಥಾನಮಾನವೆಂಬುದು ಇರಲಿಲ್ಲ. ಊಟ, ಬಟ್ಟೆ, ಆಸರೆ ಎಲ್ಲವೂ ಬೇರೆಯವರ ಕೈಯಿಂದಲೇ ಬರಬೇಕಿತ್ತು. ಯೇಸು ಬೆರಳು ತೋರಿಸಿದ್ದು ಆ ಬರಿಗೈಗೆ.

ಕ್ಲಾಸಿನಲ್ಲಿ ಹೀಗೆ ಮಾಡಿ. ಲೂಕ 18:9ರಿಂದ 27ರವರೆಗೆ ನಡುವೆ ನಿಲ್ಲಿಸದೆ ಓದಿಸಿ. ಮೊದಲು ಬರುವವನು ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು. ವಾರಕ್ಕೆ ಎರಡು ಉಪವಾಸ, ಆದಾಯದಲ್ಲಿ ಹತ್ತರಲ್ಲೊಂದು ಪಾಲು ಎಂದು ದೇವರಿಗೇ ಲೆಕ್ಕ ಒಪ್ಪಿಸುತ್ತಾನೆ. ಅವನ ಹಿಂದೆ ದೂರದಲ್ಲೇ ನಿಂತು ಎದೆ ಬಡಿದುಕೊಳ್ಳುವ ಸುಂಕದವನು. ಆಮೇಲೆ ಕೂಸುಗಳು. ಕೂಸುಗಳ ಬೆನ್ನಿಗೇ ‘ನಿತ್ಯಜೀವಕ್ಕೆ ನಾನೇನು ಮಾಡಬೇಕು’ ಎಂದು ಕೇಳುವ ಶ್ರೀಮಂತ ಅಧಿಕಾರಿ. ಕೈ ತುಂಬಿಕೊಂಡು ಬಂದವರು ಯಾರು, ಬರಿಗೈಯಲ್ಲಿ ಬಂದವರು ಯಾರು ಎಂದು ಮಕ್ಕಳನ್ನೇ ಕೇಳಿ. ದೊಡ್ಡವರಿಗಿಂತ ಬೇಗ ಹೇಳಿಬಿಡುತ್ತಾರೆ.

ಜೊತೆಗೆ ಇದನ್ನೂ ಹೇಳಿಕೊಡಿ: ಪೌಲನು 1 ಕೊರಿಂಥ 14:20ರಲ್ಲಿ ಕೆಟ್ಟತನದ ವಿಷಯದಲ್ಲಿ ಶಿಶುಗಳಾಗಿರಿ, ಬುದ್ಧಿಯ ವಿಷಯದಲ್ಲಿ ಪ್ರಾಯಸ್ಥರಾಗಿರಿ ಅನ್ನುತ್ತಾನೆ. ಮುಂದಿನ ಕೆಲವು ಪ್ರಶ್ನೆಗಳು ಹುಟ್ಟಿರುವುದೇ ಈ ಎರಡನೆಯ ಅರ್ಧ ಮರೆತುಹೋದದ್ದರಿಂದ.

ಪ್ರಶ್ನೆ: ಕಂಪನಿಯಲ್ಲಿ ವರ್ಷಕ್ಕೊಮ್ಮೆ ಸೆಲ್ಫ್ ಅಪ್ರೈಸಲ್ ಬರೆಯಬೇಕು. ‘ನಾನು ಮಾಡಿದೆ, ನಾನು ಸಾಧಿಸಿದೆ’ ಎಂದು ಬರೆಯಲು ಕೈ ಬರುವುದಿಲ್ಲ. ಬರೆಯದಿದ್ದರೆ ಇನ್‌ಕ್ರಿಮೆಂಟ್ ಇಲ್ಲ. — ಹಿಂಜವಡಿ, ಪುಣೆ

ಧಾರಾಳವಾಗಿ ಬರೆಯಿರಿ. ನಡೆದದ್ದನ್ನು ನಡೆದಷ್ಟೇ ಹೇಳಿದರೆ ಅದು ಅಹಂಕಾರವಾಗುವುದಿಲ್ಲ. ಮಿಕ್ಕವರೆಲ್ಲರಿಗಿಂತ ಹೆಚ್ಚು ದುಡಿದೆನು ಎಂದು ಪೌಲನು 1 ಕೊರಿಂಥ 15:10ರಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ, ಅದೇ ಉಸಿರಿನಲ್ಲಿ ದುಡಿದದ್ದು ನಾನಲ್ಲ, ನನ್ನೊಂದಿಗಿದ್ದ ದೇವರ ಕೃಪೆ ಎಂದೂ ಸೇರಿಸುತ್ತಾನೆ. ನಿಮ್ಮ ಫಾರ್ಮಿಗೂ ಅದೇ ಮಾದರಿ ಸಾಕು. ಯಾವ ಕೆಲಸ, ಯಾವ ತಿಂಗಳು, ಅದರಿಂದ ಏನು ಬದಲಾಯಿತು ಎಂಬುದಕ್ಕೆ ಒಂದು ಅಂಕಿ, ಜೊತೆಗೆ ದುಡಿದವರ ಹೆಸರು. ‘ನನ್ನಿಂದಲೇ’ ಎಂಬ ಪದ ಬಂದರೆ ಆ ‘ಲೇ’ ಅಳಿಸಿ. ಕೈಕೊಟ್ಟ ಕೆಲಸವೊಂದಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹಾಕಿ.

ಯಾರಾದರೂ ಹೊಗಳಿದಾಗ ‘ಅಯ್ಯೋ, ನಾನೇನು ಮಾಡಿದೆ ಬಿಡಿ’ ಅನ್ನುವ ಅಭ್ಯಾಸ ನಮ್ಮವರಲ್ಲಿ ಬಹಳ. ಅದು ಎದುರಿನವರಿಂದ ಎರಡನೇ ಸಲ ಹೊಗಳಿಸಿಕೊಳ್ಳುವ ಉಪಾಯವೂ ಆಗಿಬಿಡುತ್ತದೆ. ‘ಥ್ಯಾಂಕ್ಸ್, ಇದರಲ್ಲಿ ಇಂಥವರ ಕೈಯೂ ಇದೆ’ ಎಂದು ಹೇಳಿ ಮಾತು ಬದಲಿಸಿ.

ಪ್ರಶ್ನೆ: ಸಭೆಯಲ್ಲಿ ಹಿರಿಯರು ಮಾಡುವಂಥ ಉದ್ದ ಪ್ರಾರ್ಥನೆ ನನಗೆ ಬರುವುದಿಲ್ಲ. ಮನೆಯಲ್ಲಿ ಪುರುಸೊತ್ತಿಲ್ಲ. ಸಿಗುವುದು ಲೋಕಲ್‌ನಲ್ಲಿ ಕೂತ ಹೊತ್ತು ಮಾತ್ರ. ಮಗುವಿನಂತೆ ಪ್ರಾರ್ಥಿಸುವುದು ಎಂದರೆ ಹೇಗೆ? — ಡೊಂಬಿವಲಿ

‘ಪರಮ ಪರಿಶುದ್ಧನೂ ಮಹೋನ್ನತನೂ ಸರ್ವಶಕ್ತನೂ ಆದ’ ಎಂದು ಶುರುವಾಗಿ ಕ್ರಿಯಾಪದ ಬರುವಷ್ಟರಲ್ಲಿ ಅರ್ಧ ಸಭೆ ತೂಕಡಿಸುವ ಪ್ರಾರ್ಥನೆ ನಿಮಗೆ ಬಾರದಿದ್ದರೆ ನಷ್ಟವೇನಿಲ್ಲ. ಮಾತು ಹೆಚ್ಚಾದರೆ ದೇವರು ಕೇಳುತ್ತಾನೆಂದು ಭಾವಿಸಬೇಡಿ ಎಂದು ಮತ್ತಾಯ 6:7ರಲ್ಲಿದೆ. ಅದಾದ ಮೇಲೆ ಯೇಸು ಕಲಿಸಿದ ಪ್ರಾರ್ಥನೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಅದರ ಮೊದಲ ಸಂಬೋಧನೆ ‘ನಮ್ಮ ತಂದೆಯೇ’. ಗೆತ್ಸೆಮನೆ ತೋಟದಲ್ಲಿ, ಪ್ರಾಣಕ್ಕೆ ಬಂದ ಹೊತ್ತಿನಲ್ಲೂ ಯೇಸು ಕೂಗಿದ್ದು ‘ಅಪ್ಪಾ, ತಂದೆಯೇ’ ಎಂದೇ (ಮಾರ್ಕ 14:36).

ಡೊಂಬಿವಲಿಯಿಂದ ಸ್ಲೋ ಗಾಡಿ ಹಿಡಿದರೆ ಠಾಣೆಯವರೆಗೆ ಐದು ನಿಲ್ದಾಣ: ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಪ್ರಾರ್ಥನೆಯನ್ನು ಅವಕ್ಕೇ ಹಂಚಿಬಿಡಿ. ಕೋಪರ್ ಬರುವವರೆಗೆ ಏನೂ ಹೇಳಬೇಡಿ. ಮೊಬೈಲು ಬ್ಯಾಗಿನಲ್ಲಿರಲಿ, ಉಸಿರು ಹದಕ್ಕೆ ಬರಲಿ. ಕೋಪರ್ ದಾಟಿದ ಮೇಲೆ ನಿನ್ನೆಯ ಒಂದೇ ಒಂದು ವಿಷಯಕ್ಕೆ ಕೃತಜ್ಞತೆ. ‘ಎಲ್ಲಾ ಉಪಕಾರಗಳಿಗಾಗಿ’ ಎಂದು ಒಟ್ಟಿಗೆ ಕಟ್ಟಿ ಹಾಕಬೇಡಿ. ಅತ್ತೆಯ ಮಂಡಿನೋವು ಇಳಿದದ್ದಕ್ಕೆ, ಮಗ ಗಣಿತದಲ್ಲಿ ಪಾಸಾದದ್ದಕ್ಕೆ, ಹೀಗೆ ಹೆಸರಿಟ್ಟು ಹೇಳಿ. ದಿವಾದಿಂದ ಒಂದು ತಪ್ಪು. ಅದೂ ನಿಮ್ಮದೇ ತಪ್ಪು, ನಾದಿನಿಯದಲ್ಲ. ಮುಂಬ್ರಾ ದಾಟಿದ ಮೇಲೆ ನಿಮಗೆ ಬೇಕಾದ ಒಂದು ಸಂಗತಿ ಕೇಳಿ. ನಾಚಿಕೆ ಬೇಡ, ಬಾಡಿಗೆ ದುಡ್ಡಾದರೂ ಸರಿ; ದಿನದ ರೊಟ್ಟಿಯನ್ನು ಕೇಳಲು ಕಲಿಸಿದವನು ಬಾಡಿಗೆಗೆ ಮುನಿಸಿಕೊಳ್ಳುವುದಿಲ್ಲ. ಕಳವಾದಿಂದ ಬೇರೊಬ್ಬರಿಗಾಗಿ. ಠಾಣೆಯಲ್ಲಿ ಜನ ನುಗ್ಗುವ ಮೊದಲು ಯೇಸು ಕಲಿಸಿದ ಆ ಕರ್ತನ ಪ್ರಾರ್ಥನೆ ಹೇಳಿ ಮುಗಿಸಿ.

ಹದಗೆಡುವುದು ಸಾಮಾನ್ಯವಾಗಿ ಮುಂಬ್ರಾದ ಹತ್ತಿರ. ಕೇಳುವುದನ್ನು ಬಿಟ್ಟು ದೇವರಿಗೆ ಕೆಲಸ ಹೇಳಿಕೊಡಲು ಶುರು ಮಾಡುತ್ತೇವೆ: ಇಂಥ ತಾರೀಖಿನೊಳಗೆ, ಇಂಥವರ ಮೂಲಕ, ಹೀಗೇ ಆಗಬೇಕು. ಹಾಗಾದಾಗ ಕೀರ್ತನೆ 131 ಓದಿ. ಮೂರೇ ವಚನ, ಬಾಯಿಪಾಠಕ್ಕೆ ಸುಲಭ. ಅಲ್ಲಿರುವುದು ಹಾಲಿಗೆ ಅಳುವ ಕೂಸಲ್ಲ, ಮೊಲೆಬಿಡಿಸಿದ ಕೂಸು. ಈಗ ಅದಕ್ಕೆ ಹಾಲು ಸಿಗುವುದಿಲ್ಲ, ಆದರೂ ತಾಯಿಯ ಬಳಿ ಸಮಾಧಾನವಾಗಿದೆ. ಕೇಳಿದ್ದು ಸಿಗದ ದಿನವೂ ಗಾಡಿ ಹತ್ತಿ ಅದೇ ಕೋಪರ್‌ನಿಂದ ಶುರು ಮಾಡುವುದು ಆ ಕೀರ್ತನೆಯ ಪಾಠ. ನಿಂತೇ ಹೋಗಬೇಕಾದ ದಿನ ಕೊನೆಯ ಭಾಗ ಒಂದೇ ಸಾಕು.

ಪ್ರಶ್ನೆ: ಬಾಂದ್ರಾದ ಮೌಂಟ್ ಮೇರಿ ಚರ್ಚಿನಲ್ಲಿ ಮೇಣದ ಕೈ, ಕಾಲು, ಮನೆ ಅರ್ಪಿಸುವುದು ಮಗುವಿನ ನಂಬಿಕೆಯೋ, ದೇವರೊಂದಿಗೆ ವ್ಯಾಪಾರವೋ? — ಮಾಹೀಮ್

ಸಂತರ ಮಧ್ಯಸ್ಥಿಕೆಯ ವಿಷಯದಲ್ಲಿ ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಇರುವ ಭಿನ್ನಾಭಿಪ್ರಾಯವನ್ನು ಇಲ್ಲಿ ಬಗೆಹರಿಸಲು ಹೊರಡುವುದಿಲ್ಲ. ಸೆಪ್ಟೆಂಬರ್ 8ರ ಹಬ್ಬದ ಜಾತ್ರೆಯಲ್ಲಿ ಮೇಣದ ಪುಟ್ಟ ಮನೆ ಹಿಡಿದು ಮೆಟ್ಟಿಲು ಹತ್ತುವವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಮೇಣ ನೋಡಿ ಹೇಳಲಾಗದು. ನಿಮ್ಮ ಮನಸ್ಸನ್ನು ನೀವು ಪರೀಕ್ಷಿಸಿಕೊಳ್ಳಬಹುದು: ಮನೆ ಆಗದೆ ಹೋದರೆ ಮುಂದಿನ ವರ್ಷ ಬರುತ್ತೀರಾ? ಬರುತ್ತೇನೆ ಅನ್ನುವವರದು ಬೇಡಿಕೆ. ಬರುವುದಿಲ್ಲ ಅನ್ನುವವರದು ವ್ಯಾಪಾರ. ಮಾಹೀಮಿನ ಚರ್ಚಿನ ಬುಧವಾರದ ನೊವೆನಾ ಪ್ರಾರ್ಥನೆಗೂ, ಪ್ರೊಟೆಸ್ಟೆಂಟರ ಉಪವಾಸ ಕೂಟಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ.

ಪ್ರಶ್ನೆ: ತಂದೆಯವರಿಗೆ ಶುಗರ್, ಬಿಪಿ ಎರಡೂ ಇವೆ, ಇನ್ಸುಲಿನ್ ನಡೆದಿದೆ. ಪ್ರಾರ್ಥನಾ ಕೂಟದ ನಾಯಕರೊಬ್ಬರು ‘ಮಗುವಿನಂತೆ ನಂಬು, ಔಷಧಿ ಬಿಡು, ಬಿಡದಿದ್ದರೆ ಅಪನಂಬಿಕೆ’ ಅಂದಿದ್ದಾರೆ. ತಂದೆ ಬಿಡಲು ಸಿದ್ಧರಾಗಿದ್ದಾರೆ. — ವಾಸ್ಕೊ, ಗೋವಾ

ಬಿಡಲು ಬಿಡಬೇಡಿ. ಈ ಪತ್ರಿಕೆ ಕೈಗೆ ಬಂದ ದಿನವೇ ಕೂತು ಮಾತಾಡಿ.

ಇನ್ಸುಲಿನ್ ಮೇಲೇ ಬದುಕು ನಿಂತಿರುವವರು ಅದನ್ನು ಥಟ್ಟನೆ ನಿಲ್ಲಿಸಿದರೆ ರಕ್ತದಲ್ಲಿ ಆಮ್ಲ ಏರಿ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಬರಬಹುದು. ವಿಪರೀತ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಜೋರು ಉಸಿರು, ಮಂಪರು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಿಪಿಯ ಕೆಲವು ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಒತ್ತಡ ಮೊದಲಿಗಿಂತ ಮೇಲೆ ಜಿಗಿಯುತ್ತದೆ. ಮೂರ್ಛೆರೋಗದ ಮಾತ್ರೆಯೂ ಹಾಗೆಯೇ. ಮೊದಮೊದಲು ಏನೂ ಆಗದಿರುವುದೇ ಇಲ್ಲಿ ಮೋಸ. ಎರಡು ದಿನ ಚೆನ್ನಾಗಿದ್ದರೆ ಸಭೆಯಲ್ಲಿ ಸಾಕ್ಷಿ ಹೇಳಿಸಿಬಿಡುತ್ತಾರೆ, ಆಮೇಲೆ ಮತ್ತೆ ಔಷಧಿ ಶುರು ಮಾಡಲು ಮರ್ಯಾದೆ ಅಡ್ಡ ಬರುತ್ತದೆ.

ತಂದೆಗೆ ವಚನ ಬೇಕಾದರೆ ವಚನವೂ ಇದೆ. ಅರಸ ಹಿಜ್ಕೀಯನು ಸಾಯುವಷ್ಟು ಕಾಯಿಲೆ ಬಿದ್ದಾಗ ದೇವರು ಅವನ ಪ್ರಾರ್ಥನೆ ಕೇಳಿ 15 ವರ್ಷ ಆಯುಷ್ಯ ಕೊಟ್ಟನು. ಆದರೂ ಪ್ರವಾದಿ ಯೆಶಾಯನು ಅಂಜೂರದ ಹಣ್ಣು ತರಿಸಿ ಹುಣ್ಣಿಗೆ ಕಟ್ಟಿಸಿದನು (2 ಅರಸು 20). ಪ್ರಾರ್ಥನೆಯೂ ಆಯಿತು, ಮದ್ದೂ ಆಯಿತು. ವೈದ್ಯನು ಬೇಕಾದದ್ದು ರೋಗಿಗೆ ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 9:12). ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಸೈತಾನನೂ ವಚನ ತೋರಿಸಿಯೇ ಹೇಳಿದ್ದು. ದೇವರನ್ನು ಪರೀಕ್ಷಿಸಬಾರದು ಎಂಬುದು ಯೇಸುವಿನ ಉತ್ತರ.

ದೇವರು ವಾಸಿ ಮಾಡಿದರೆ ಅದು ಪರೀಕ್ಷೆಯಲ್ಲಿ ಕಂಡೇ ಕಾಣುತ್ತದೆ. ಎಚ್‌ಬಿಎ1ಸಿ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ಅದನ್ನು ನೋಡಿ ಡೋಸ್ ಇಳಿಸುವವರು ಡಾಕ್ಟರು, ಕೂಟದ ನಾಯಕರಲ್ಲ. ಹತ್ತು ಮಂದಿ ಕುಷ್ಠರೋಗಿಗಳನ್ನೂ ಯೇಸು ಯಾಜಕರಿಗೆ ಮೈ ತೋರಿಸಿ ಬನ್ನಿ ಎಂದು ಕಳಿಸಿದನು, ಹೋಗುವ ದಾರಿಯಲ್ಲೇ ಅವರು ಗುಣವಾದರು (ಲೂಕ 17:14).

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ‘ದೀನಳಾಗಿ ಸಹಿಸಿಕೋ, ಮಗುವಿನಂತೆ ದೇವರ ಮೇಲೆ ಭಾರ ಹಾಕು’ ಎಂದು ಸಭಾ ಹಿರಿಯರು ಹೇಳುತ್ತಾರೆ. — ಊರು ಹಾಕಬೇಡಿ

ಸಹೋದರಿ, ಹೊಡೆತ ತಿನ್ನುವುದು ದೀನತೆ ಅಲ್ಲ. ಫಿಲಿಪ್ಪಿ 2ರಲ್ಲಿ ಕ್ರಿಸ್ತನು ತನ್ನನ್ನು ತಾನೇ ತಗ್ಗಿಸಿಕೊಂಡನು ಎಂದಿದೆ, ಬೇರೆಯವರು ತಗ್ಗಿಸಿದರು ಎಂದಿಲ್ಲ. ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಹೇರಿದ್ದಕ್ಕೆ ದೀನತೆಯ ಹೆಸರು ಸಲ್ಲದು. ಮಹಾಯಾಜಕನ ಎದುರು ಕೆನ್ನೆಗೆ ಹೊಡೆದವನನ್ನು ಯೇಸು ಸುಮ್ಮನೆ ಬಿಡಲಿಲ್ಲ. ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದನು (ಯೋಹಾನ 18:23). ಹಿರಿಯರು ತೋರಿಸುವ ಮತ್ತಾಯ 18ರಲ್ಲೇ, ಮಗುವಿನ ಮಾತಿನ ಬೆನ್ನಿಗೆ, ಈ ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಮೇಲು ಎಂದಿದೆ. ಆ ವಚನವನ್ನು ಅವರು ಯಾಕೆ ಬಿಟ್ಟು ಓದುತ್ತಾರೋ ಅವರೇ ಹೇಳಬೇಕು. ಅದೇ ಅಧ್ಯಾಯದ 15ನೇ ವಚನ ತೋರಿಸಿ ‘ಮೊದಲು ನೀನೊಬ್ಬಳೇ ಹೋಗಿ ಅವನ ಜೊತೆ ಮಾತಾಡು’ ಎಂದರೂ ಒಪ್ಪಬೇಡಿ. ಹೊಡೆಯುವವನ ಎದುರು ಒಬ್ಬಳನ್ನೇ ಕಳಿಸಲು ಬರೆದದ್ದಲ್ಲ ಅದು.

ಈಗ ಮಾಡಬೇಕಾದ್ದು. ಹೊಡೆತದ ಹೊತ್ತಿಗೆ 112. ಸಲಹೆ, ಆಸರೆಗೆ ಮಹಿಳಾ ಸಹಾಯವಾಣಿ 181. ಗಾಯಕ್ಕೆ ಆಸ್ಪತ್ರೆಗೆ ಹೋದಾಗ ‘ಬಾತ್‌ರೂಮಿನಲ್ಲಿ ಜಾರಿದೆ’ ಅನ್ನಬೇಡಿ. ಅಲ್ಲಿ ಬರೆದದ್ದೇ ಮುಂದೆ ದಾಖಲೆ. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪತ್ರ, ಮದುವೆಯ ಸರ್ಟಿಫಿಕೇಟ್ ಇವುಗಳ ಪ್ರತಿಗಳನ್ನು ನಂಬಿಗಸ್ತರ ಮನೆಯಲ್ಲಿಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಂರಕ್ಷಣಾ ಅಧಿಕಾರಿಯ ಮೂಲಕ ರಕ್ಷಣೆಯ ಆದೇಶವನ್ನೂ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಬಹುದು, ಡೈವೋರ್ಸ್ ಹಾಕಲೇಬೇಕೆಂದಿಲ್ಲ. ಕ್ಷಮಿಸುವ ಮಾತು ನೀವು ಸುರಕ್ಷಿತವಾದ ಮೇಲೆ.

ಪ್ರಶ್ನೆ: ಪವಿತ್ರ ಗುರುವಾರ ಪಾದ ತೊಳೆಯುವ ವಿಧಿ ನಮ್ಮಲ್ಲಿ ನಾಟಕದಂತೆ ಆಗಿಬಿಟ್ಟಿದೆ. ಮುಂದಿನ ಸಲ ಸರಿಯಾಗಿ ಮಾಡುವುದು ಹೇಗೆ? — ಸಭಾ ಕಮಿಟಿ ಕಾರ್ಯದರ್ಶಿ, ಮುಂಬೈ

ನಾಟಕವಾಗುವುದು ಜನರನ್ನು ಆರಿಸುವಲ್ಲೇ. ಹನ್ನೆರಡು ಕುರ್ಚಿಗೆ ಹನ್ನೆರಡು ದಾನಿಗಳು, ಕಮಿಟಿಯವರು, ಅವರ ಅಳಿಯಂದಿರು! ಸಭೆಯ ಕಸ ಗುಡಿಸುವವರು, ಗೇಟಿನ ವಾಚ್‌ಮನ್, ಊರಿಂದ ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದ ಹುಡುಗ, ಗಾಲಿಕುರ್ಚಿಯ ಅಜ್ಜಿ ಇವರಿಂದ ಪಟ್ಟಿ ಶುರು ಮಾಡಿ. ಕಥೋಲಿಕ ವಿಧಿಯಲ್ಲಿ ಮೊದಲು ಗಂಡಸರಿಗೆ ಮಾತ್ರ ಅವಕಾಶವಿತ್ತು. 2016ರ ಜನವರಿಯ ಆದೇಶದಿಂದ ಹೆಂಗಸರನ್ನೂ ಕೂರಿಸಬಹುದು. ಒಂದು ವಾರ ಮೊದಲೇ ಕೇಳಿ, ಒಲ್ಲೆ ಎಂದವರನ್ನು ಒತ್ತಾಯಿಸಬೇಡಿ. ಯೇಸು ಶಿಷ್ಯರ ಪಾದ ತೊಳೆದಾಗ ಪೇತ್ರನೂ ಮೊದಲು ಒಲ್ಲೆ ಎಂದವನೇ.

ಸಾಮಾನು: ಎರಡು ಲೀಟರಿನ ಒಂದು ಹೂಜಿ, ಅಗಲ ಬಾಯಿಯ ಒಂದು ಬೇಸಿನ್, ಚೆಲ್ಲಿದ ನೀರಿಗೆ ಬಕೆಟ್, 12 ಟವೆಲ್, ತೊಳೆಯುವವರ ಸೊಂಟಕ್ಕೊಂದು, ಮಂಡಿಯ ಕೆಳಗೆ ದಪ್ಪ ಚಾಪೆ. ಒಬ್ಬರಿಗೆ ಅರ್ಧ ಲೀಟರಿನಂತೆ ಆರು ಲೀಟರ್ ಆಗುತ್ತದೆ, ಎಂಟು ಇಟ್ಟುಕೊಳ್ಳಿ. ನಮ್ಮ ಎಷ್ಟೋ ಕನ್ನಡ ಸಭೆಗಳು ಬೇರೆ ಸಭೆಯ ಕಟ್ಟಡದಲ್ಲಿ ಸಿಕ್ಕ ಹೊತ್ತಿಗೆ ಆರಾಧನೆ ನಡೆಸುವುದರಿಂದ, ನಲ್ಲಿಯಲ್ಲಿ ಆ ಹೊತ್ತಿಗೆ ನೀರು ಬರುತ್ತದೆಯೇ ಎಂದು ಮೊದಲೇ ಕೇಳಿಡಿ. ನೀರು ಉಗುರುಬೆಚ್ಚಗಿರಲಿ, ಮೊಣಕೈ ಅದ್ದಿ ನೋಡಿ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರ ಪಾದಕ್ಕೆ ಬಿಸಿ ತಿಳಿಯದು, ಸುಟ್ಟರೂ ಸುಮ್ಮನಿರುತ್ತಾರೆ. ಗಾಯವಿರುವ ಪಾದ ಬೇಡ, ಇನ್ನೊಂದನ್ನು ತೊಳೆಯಿರಿ.

ಕುರ್ಚಿಗಳನ್ನು ವೇದಿಕೆಯ ಮೇಲೆ ಹಾಕಬೇಡಿ, ನೆಲದ ಮೇಲೇ ಇರಲಿ. ಎಡಗೈಯಲ್ಲಿ ಹಿಮ್ಮಡಿ ಹಿಡಿದು, ಪಾದದ ಮೇಲಿಂದ ನೀರು ಸುರಿದು, ಬೆರಳ ಸಂದಿಯನ್ನೂ ಒರೆಸಬೇಕು. ನಾಲ್ಕು ಹನಿ ಚಿಮುಕಿಸಿ ಟವೆಲ್ ತಾಗಿಸಿ ಏಳುವುದೇ ನಾಟಕ. ಒಬ್ಬರಿಗೆ ಒಂದು ನಿಮಿಷದ ಮೇಲೆ ಬೇಕು, ಹಾಗಾಗಿ ಕಾಲು ಗಂಟೆಯ ಹಾಡು ಸಿದ್ಧವಿರಲಿ. ಯೋಹಾನ 13:4-5ರಲ್ಲಿ ಎದ್ದದ್ದು, ಮೇಲುಹೊದಿಕೆ ತೆಗೆದದ್ದು, ಟವೆಲ್ ಕಟ್ಟಿಕೊಂಡದ್ದು, ನೀರು ಸುರಿದದ್ದು, ತೊಳೆದದ್ದು, ಒರೆಸಿದ್ದು ಎಲ್ಲವೂ ಒಂದೊಂದಾಗಿ ಬರುತ್ತದೆ. ಆ ಅನುಕ್ರಮವನ್ನೇ ಹಿಡಿಯಿರಿ. ಫೋಟೊ ಬೇಡವೇ ಬೇಡ. ಕೊನೆಗೆ ಆ ಬಕೆಟ್ ಹೊರಗೆ ಹೊತ್ತು ಚೆಲ್ಲುವವರು, ನೆಲ ಒರೆಸುವವರು ಯಾರು ಎಂಬುದನ್ನೂ ಕಮಿಟಿಯಲ್ಲಿ ನಿರ್ಧರಿಸಿ. ಪಾದ ತೊಳೆಸಿಕೊಂಡ ಗುಡಿಸುವವರ ಕೈಗೇ ಮಾಪ್ ಕೊಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಯಿತು.

ಪ್ರಶ್ನೆ: ಸಂಶಯ ಬಂದರೆ ಮಗುವಿನ ನಂಬಿಕೆ ಹೋಯಿತು ಎಂದರ್ಥವೇ? — ಕಾಂದಿವಲಿ

ಇಲ್ಲ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು’ ಎಂದ ತಂದೆಯ ಮಗನನ್ನು ಯೇಸು ಗುಣಪಡಿಸಿದನು (ಮಾರ್ಕ 9:24). ದೇವರ ಮುಂದೆ ಮಗುವಾಗಿರುವ ದಾರಿಯನ್ನೇ ಹೇಳಿಕೊಟ್ಟ ಲಿಸಿಯೂದ ಸಂತ ತೆರೇಸಾ (1873–1897) ತನ್ನ ಕೊನೆಯ ಹದಿನೆಂಟು ತಿಂಗಳು, ಕ್ಷಯದಿಂದ ನವೆಯುತ್ತಾ, ಪರಲೋಕವೆಂಬುದು ಇದೆಯೋ ಇಲ್ಲವೋ ಎಂಬ ಕತ್ತಲೆಯಲ್ಲೇ ಕಳೆದರು. ಪ್ರಾರ್ಥನೆ ಮಾತ್ರ ಬಿಡಲಿಲ್ಲ. ಕಥೋಲಿಕ ಸಭೆ 1997ರಲ್ಲಿ ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿತು.

ಪ್ರಶ್ನೆ: ಮಕ್ಕಳಿಗೆ ದೀನತೆಯ ಬಗ್ಗೆ ಹೇಳಲು ನಮ್ಮ ಕಡೆಯ ಒಬ್ಬರ ಉದಾಹರಣೆ ಬೇಕು. — ಮಡಗಾಂವ್, ಗೋವಾ

ನಿಮ್ಮ ಪಕ್ಕದ ಬಾಣಾವಲಿಯಲ್ಲೇ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ ಇದ್ದಾರಲ್ಲ. ಕನ್ನಡಿಗರಿಗೆ ಅವರು ಎರಡು ಪಟ್ಟು ಹತ್ತಿರ. 1681ರಿಂದ ಕೆಲವು ವರ್ಷ ಕರಾವಳಿಯ ಮಂಗಳೂರು, ಕುಂದಾಪುರದ ಕಡೆ ದುಡಿದವರು. ಆಮೇಲೆ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಲೋನಿಗೆ (ಇಂದಿನ ಶ್ರೀಲಂಕಾ) 1687ರಲ್ಲಿ ಬಡವನ ವೇಷದಲ್ಲಿ, ಬರಿಗಾಲಲ್ಲಿ ಹೋದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟರು. ಅಲ್ಲಿ ಕೂತು ಸಿಂಹಳ ಕಲಿತರು. 1697ರಲ್ಲಿ ಸಿಡುಬು ಬಂದು ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಜಾತಿ ಮತ ನೋಡದೆ ಅವರ ಆರೈಕೆ ಮಾಡಿದರು. ಬಿಷಪ್ ಪದವಿ ಬಂದಾಗ ಬೇಡವೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ಹೇಳುವಾಗ ಒಂದು ಎಚ್ಚರ: ವೇಷ, ಸೆರೆಮನೆಯ ಸಾಹಸವನ್ನೇ ಹಿಗ್ಗಿಸಿದರೆ ಮಕ್ಕಳಿಗೆ ಅದು ಸಿನಿಮಾ ಕಥೆಯಾಗುತ್ತದೆ. ಸಿಡುಬಿನ ರೋಗಿಗೆ ನೀರು ಕುಡಿಸಿದ್ದು, ಹೊಸ ಭಾಷೆಯನ್ನು ಅ ಆ ಇ ಈಯಿಂದ ಕಲಿತದ್ದು, ಇವನ್ನು ಮುಂದಿಡಿ. 1677ರಲ್ಲಿ ಅವರು ತಮ್ಮನ್ನು ಮರಿಯಮ್ಮನವರ ದಾಸನೆಂದು ಪತ್ರ ಬರೆದುಕೊಟ್ಟದ್ದು ಗೋವಾದ ಸಾಂಕವಾಳದ ಇಗರ್ಜಿಯಲ್ಲಿ (ಚರ್ಚಿನಲ್ಲಿ). ಮಡಗಾಂವ್‌ನಿಂದ ಮಕ್ಕಳನ್ನು ಕರೆದುಕೊಂಡು ಅರ್ಧ ದಿನದಲ್ಲಿ ಹೋಗಿ ಬರಬಹುದು. ಅಲ್ಲಿ ಹಳೆಯ ಇಗರ್ಜಿಯದು ಮುಂಭಾಗದ ಗೋಡೆಯಷ್ಟೇ ಉಳಿದಿದೆ ಎಂದು ಹೊರಡುವ ಮೊದಲೇ ಹೇಳಿಬಿಡಿ.